ಕೆಂಪು ಪಟ್ಟಿಯ ಲಾಳಿ

ನೇಯ್ಗೆ ಖಾತೆಯಲ್ಲಿ ದುಡಿದವರಿಗೆ ಇದನ್ನು ಹೇಳಬೇಕಿಲ್ಲ, ಉಳಿದವರಿಗೆ ಹೇಳಲೇಬೇಕು. ಹಳೆಯ ಮಗ್ಗದ ಲಾಳಿಗೆ ನೇಕಾರ ದಿನಕ್ಕೆ ನೂರಾರು ಸಲ ಬಾಯಿ ಹಚ್ಚಬೇಕಾಗುತ್ತಿತ್ತು. ಲಾಳಿ ಎಂದರೆ ಎರಡೂ ತುದಿ ಚೂಪಾದ, ಗೇಣಿಗಿಂತ ಉದ್ದನೆಯ ಮರದ ತುಂಡು. ಅದರ ಹೊಟ್ಟೆಯಲ್ಲಿ ಅಡ್ಡನೂಲು ಸುತ್ತಿದ ಕಡ್ಡಿ, ಅಂದರೆ ಕಂಡಿಕೆ, ಕೂತಿರುತ್ತದೆ, ಪಕ್ಕದಲ್ಲಿ ಪಿಂಗಾಣಿಯ ಒಂದು ಕಣ್ಣು ಇರುತ್ತದೆ. ಜೋಳದ ಕಾಳಿನಷ್ಟು ತೂತು ಅದು. ಕಂಡಿಕೆ ಮುಗಿದಾಗಲೆಲ್ಲ ಹೊಸದನ್ನು ಹಾಕಿ, ನೂಲಿನ ತುದಿಯನ್ನು ಒಳಗಿನಿಂದ ಆ ತೂತಿಗೆ ಹಿಡಿದು, ಹೊರಗಿನಿಂದ ತುಟಿ ಹಚ್ಚಿ ಒಮ್ಮೆ ಉಸಿರು ಎಳೆದರೆ ನೂಲು ಬಾಯಿಗೆ ಬರುತ್ತದೆ. ಅದರ ಜೊತೆ ಹತ್ತಿಯ ಧೂಳೂ ಬರುತ್ತದೆ, ಹಿಂದಿನ ಪಾಳಿಯವನ ಎಂಜಲೂ ಬರುತ್ತದೆ. ನಾವಿದಕ್ಕೆ ಲಾಳಿ ತುಂಬುವುದು ಅನ್ನುತ್ತಿದ್ದೆವು.

ಈ ಎಂಜಲಿನ ಕಾರಣಕ್ಕೆ ನಮ್ಮ ಖಾತೆಯಲ್ಲಿ ದಲಿತರು ಒಬ್ಬರೂ ಇರಲಿಲ್ಲ. ಹತ್ತಿ ಬಿಡಿಸುವಲ್ಲಿ ಇದ್ದರು, ನೂಲು ತೆಗೆಯುವ ರಿಂಗ್ ಖಾತೆಯಲ್ಲಿ ತುಂಬ ಜನ ಇದ್ದರು. ಆದರೆ ಕೂಲಿ ಹೆಚ್ಚಿದ್ದದ್ದು, ಕಸಬುದಾರ ಅನ್ನುವ ಮರ್ಯಾದೆ ಇದ್ದದ್ದು ಮಗ್ಗಕ್ಕೆ. ಅಲ್ಲಿಗೆ ಅವರು ಬರುವಂತಿಲ್ಲ ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು ನಾನು ಹೇಳುತ್ತಿರುವುದು. ಅಸ್ಪೃಶ್ಯತೆ ಕಾನೂನಿನಲ್ಲಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಜೋಳದ ಕಾಳಿನಷ್ಟು ಒಂದು ತೂತು ಅಷ್ಟು ಜನ ಗಂಡಾಳುಗಳನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು ಎಂದು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ. ಆಗ ಆಗಿರಲಿಲ್ಲ. ಆಗ ನಾನು ದಿನಾ ಅದೇ ಬಾಗಿಲಿನಿಂದ ಒಳಗೆ ಹೋಗಿ ಬರುತ್ತಿದ್ದೆ.

ನಾನು ಸೊಲ್ಲಾಪುರದ ಒಂದು ಗಿರಣಿಯಲ್ಲಿ ಜಾಬರ್ ಆಗಿದ್ದೆ. ಒಂದು ಸಾಲು ಮಗ್ಗಗಳ ರಿಪೇರಿ, ಅವುಗಳ ಮೇಲಿನ ನೇಕಾರರ ಉಸ್ತುವಾರಿ, ಎರಡೂ ಜಾಬರನದು. ಊರು ಅಕ್ಕಲಕೋಟ ತಾಲೂಕಿನ ವಾಗದರಿ. ಮನೆಯಲ್ಲಿ ಹೊಲ ಇತ್ತು, ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಮೂಗಿನ ಮೇಲೆ, ಹೊಲದಲ್ಲಿ ಎತ್ತಿನ ಜೊತೆಗೂ ಜಗಳ ಆಡುತ್ತಿದ್ದೆ. ಅದಕ್ಕೇ ಗಿರಣಿಗೆ ಅಟ್ಟಿದರು. ಮಗ್ಗದ ಮುಂದೆ ಮಾತ್ರ ನನ್ನ ಸಿಟ್ಟು ನಡೆಯಲಿಲ್ಲ.

ಒಂದು ದಿನ ನನ್ನ ಸಾಲಿನ ಒಂದು ಮಗ್ಗದಲ್ಲಿ ಲಾಳಿ ಹಾಸಿನ ನಡುವೆಯೇ ಸಿಕ್ಕಿಬಿದ್ದು, ಹಾಸಿನ ಉದ್ದ ಎಳೆಗಳು ನೂರಾರು ಒಮ್ಮೆಗೇ ಹರಿದವು. ಹೀಗಾದರೆ ಒಂದೊಂದೇ ಎಳೆ ಹುಡುಕಿ ಗಂಟು ಹಾಕಿ, ಹಣಿಗೆಯ ಹಲ್ಲಿನಲ್ಲಿ ಮತ್ತೆ ತೂರಿಸಬೇಕು. ಇಬ್ಬರ ಕೆಲಸ, ಅರ್ಧ ದಿನ ಹಿಡಿಯುತ್ತದೆ. ನನ್ನ ಕೈಯಾಳು ಅಂದು ಬಂದಿರಲಿಲ್ಲ. ಅಷ್ಟರಲ್ಲಿ ರಿಂಗ್ ಖಾತೆಯವನೊಬ್ಬ ಕಂಡಿಕೆಗಳ ಗಾಡಿ ತಳ್ಳಿಕೊಂಡು ಬಂದ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಹಿಂದಿನ ಕಡೆ ನಿಂತು ಎಳೆ ಹಿಡಿದುಕೊಡು ಅಂತ ಅವನಿಗೆ ಹೇಳಿದೆ. ಅವನು ಎಳೆ ಹಿಡಿದುಕೊಡಲಿಲ್ಲ, ತಾನೇ ಗಂಟು ಹಾಕತೊಡಗಿದ. ಬೆರಳು ಕಾಣುತ್ತಿರಲಿಲ್ಲ. ನಾನು ಒಂದು ಗಂಟು ಹಾಕುವುದರೊಳಗೆ ಅವನದು ಮೂರು ಆಗಿರುತ್ತಿದ್ದವು, ಅದೂ ಎಳ್ಳಿನಷ್ಟು ಸಣ್ಣ ಗಂಟು, ಬಾಲ ಇಲ್ಲದ್ದು. ರಿಂಗ್ ಖಾತೆಯಲ್ಲಿ ದಿನಕ್ಕೆ ಸಾವಿರ ಸಲ ಹರಿದ ನೂಲು ಕೂಡಿಸಿದ ಕೈ ಅದು. ನಾನು ನನ್ನ ಕೆಲಸ ಬಿಟ್ಟು ನೋಡುತ್ತಾ ನಿಂತೆ.

ಮಗ್ಗ ಮತ್ತೆ ಓಡತೊಡಗಿದ ಮೇಲೆ ಅವನು ಹೊರಡಲಿಲ್ಲ.

"ಜಾಬರ ಸಾಹೇಬ್ರ, ನನಗ ಮಗ್ಗ ಕಲಸ್ತೀರೇನ್ರಿ?" ಅಂದ. ಅವನೂ ಅಕ್ಕಲಕೋಟ ಕಡೆಯವನೇ.

"ಅದು ಆಗೂದಿಲ್ಲಪಾ," ಅಂದೆ. ಯೋಚನೆ ಮಾಡದೆ ಬಾಯಿಗೆ ಬಂದ ಮಾತು.

"ಯಾಕ್ರಿ?"

"ನಿನಗ ಗೊತ್ತಿಲ್ಲೇನು ಯಾಕಂತ?"

"ಗೊತ್ತದರಿ. ನೀವು ಅದನ್ನ ಬಾಯಿಬಿಟ್ಟು ಹೇಳ್ತೀರೇನಂತ ನೋಡಿದ್ನಿ."

ಗಾಡಿ ತಳ್ಳಿಕೊಂಡು ಹೋದ. ನನಗೆ ಸಿಟ್ಟು ಬಂತು, ಆದರೆ ಅವನ ಮೇಲೆ ಬರಲಿಲ್ಲ. ಅಷ್ಟು ಒಳ್ಳೆಯ ಕೈ ನಾನು ಅದುವರೆಗೆ ಕಂಡಿರಲಿಲ್ಲ, ಕಂಡ ದಿನವೇ ಬೇಡ ಅಂದಿದ್ದೆ. ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನ ನೇಯ್ಗೆ ಮಾಸ್ತರರ ಕೋಣೆಗೆ ಹೋದೆ. ಅವರು ಮರಾಠಿಯವರು, ಇಡೀ ಖಾತೆಯ ಮುಖ್ಯಸ್ಥರು. ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ, ಬಟ್ಟೆ ಸರಿಯಾಗಿ ಬಂದರೆ ಸಾಕು ಅನ್ನುವ ಪೈಕಿ. ಮೂರು ತಿಂಗಳು ಬದಲಿ ನೇಕಾರ ಅಂತ ಹಾಕಿ ನೋಡು, ಕೊನೆಗೆ ನೀನು ಸಹಿ ಮಾಡಿದರೆ ಒಬ್ಬ ನೇಕಾರನ ಪಾಲಿನ ಜೋಡಿ ಮಗ್ಗ ಕಾಯಂ ಅವನ ಹೆಸರಿಗೆ, ಗಲಾಟೆಯಾದರೆ ಮಾತ್ರ ಅದು ನಿನ್ನ ತಲೆಗೆ ಅಂದರು. ಇನ್ನೊಂದು ಮಾತನ್ನೂ ಹೇಳಿದರು. ಅವನು ಬಿಟ್ಟುಬಂದ ರಿಂಗಿನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಳ್ಳುತ್ತಾರೆ. ಮಗ್ಗದಲ್ಲಿ ನಿಲ್ಲದಿದ್ದರೆ ಅವನು ಗಿರಣಿಯ ಹೊರಗೇ.

ಇದನ್ನು ಅವನಿಗೆ ಬಿಡಿಸಿ ಹೇಳಿದೆ. ಹೆಂಡತಿ, ಮೂರು ಮಕ್ಕಳು, ಕುರುಡಿ ತಾಯಿ ಇದ್ದ ಸಂಸಾರ. "ಯಾವತ್ತಿಂದ ಬರ್ಲಿ?" ಅಂದ.

ಕಲಿಯುವುದಕ್ಕೆ ಅವನು ತೆಗೆದುಕೊಂಡ ದಿನಗಳು ಎಷ್ಟು ಅಂತ ಹೇಳಿದರೆ ನೇಕಾರರು ನಂಬಲಿಕ್ಕಿಲ್ಲ, ಆದ್ದರಿಂದ ಹೇಳುವುದಿಲ್ಲ. ತೊಂದರೆ ಕಲಿಕೆಯಲ್ಲಿ ಇರಲಿಲ್ಲ. ಅವನದು ಬೆಳಗಿನ ಪಾಳಿ. ಮಧ್ಯಾಹ್ನ ಮೂರೂವರೆಗೆ ಪಾಳಿ ಬದಲಿಸುವ ಭೋಂಗಾ ಊದಿದ ಮೇಲೆ ಅದೇ ಜೋಡಿ ಮಗ್ಗಕ್ಕೆ ಬರುತ್ತಿದ್ದವರು ನಾವೆಲ್ಲ ಕಾಕಾ ಅನ್ನುತ್ತಿದ್ದ ಹಿರಿಯ ನೇಕಾರರು. ನನಗೆ ಮಗ್ಗ ಕಲಿಸಿದ ಗುರು. ಬಟ್ಟೆಯ ಮೇಲೆ ಕೈ ಆಡಿಸಿಯೇ ಯಾವ ಮಗ್ಗದ್ದು ಅಂತ ಹೇಳುವ ಮನುಷ್ಯ. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು.

"ತಮ್ಮಾ," ಅಂದರು, ಮೊದಲ ದಿನವೇ. "ನೀ ಏನ ಮಾಡಂದ್ರೂ ಮಾಡ್ತೀನಿ. ಆಂವ ಬಾಯಿ ಹಚ್ಚಿದ ಲಾಳಿಗೆ ನಾ ಬಾಯಿ ಹಚ್ಚೂದಿಲ್ಲ. ಇದೊಂದು ಮಾಡು ಅನಬ್ಯಾಡ."

ಅವರು ಕೂಗಾಡಲಿಲ್ಲ, ಬೇಡಿಕೊಂಡರು. ಅದೇ ಕಷ್ಟವಾಯಿತು. ಗುರುವಿನ ಮಾತು, ಮೀರಲೂ ಆಗದು, ರಿಂಗಿನಿಂದ ಬಂದವನನ್ನು ಬಿಡಲೂ ಆಗದು. ಆಗ ನಾನೊಂದು ಉಪಾಯ ಮಾಡಿದೆ. ಗೋದಾಮಿನಿಂದ ಹೊಸ ಲಾಳಿಗಳನ್ನು ತಂದು, ಅವುಗಳ ಬೆನ್ನಿಗೆ ಕೆಂಪು ಬಣ್ಣದ ಒಂದು ಪಟ್ಟಿ ಬಳಿದೆ. ಇವು ಅವನವು. ಪಾಳಿ ಮುಗಿದಾಗ ಅವನು ಇವನ್ನು ತೆಗೆದು ಕಂಬದ ಮೊಳೆಗೆ ತೂಗುಹಾಕಿದ ಚೀಲದಲ್ಲಿ ಇಡಬೇಕು. ಕಾಕಾ ಹಳೆಯವನ್ನು ಹಾಕಿಕೊಳ್ಳುತ್ತಾರೆ. ಜಗಳ ಇಲ್ಲ, ಮಾತಿಲ್ಲ. ಕಾಕಾ ಭುಜ ತಟ್ಟಿದರು, ಮಾಸ್ತರರು ತಲೆದೂಗಿದರು. ನನ್ನ ಜಾಣತನಕ್ಕೆ ನಾನೇ ಮರುಳಾಗಿ ಅಂದು ಮನೆಗೆ ಹೋಗುವಾಗ ಹೆಂಡತಿಗೆ ಜಿಲೇಬಿ ಕಟ್ಟಿಸಿಕೊಂಡು ಹೋದೆ. ಅವನು ಮಾತ್ರ ಕೆಂಪು ಪಟ್ಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದ.

ಎರಡನೇ ವಾರದಿಂದ ಕೇಡು ಶುರುವಾಯಿತು. ಅವನ ಮಗ್ಗದಲ್ಲಿ ಲಾಳಿ ಎರಡೂ ಬದಿಗೆ ತಾನು ಬಂದು ನಿಲ್ಲುವ ಪೆಟ್ಟಿಗೆಗೆ ಡಿಕ್ಕಿ ಹೊಡೆಯುತ್ತಿತ್ತು, ಕೆಲವೊಮ್ಮೆ ಪೂರ್ತಿ ಒಳಗೆ ಹೋಗದೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಎಳೆ ಹರಿಯುತ್ತಿತ್ತು, ಬಟ್ಟೆಯಲ್ಲಿ ಅಲ್ಲಲ್ಲಿ ಜಾಳು ಬೀಳುತ್ತಿತ್ತು. ಕಾಕಾನ ಪಾಳಿಯಲ್ಲೂ ಸ್ವಲ್ಪ ಹಾಗೇ ಆಗುತ್ತಿತ್ತು, ಆದರೆ ಕೆಟ್ಟ ಹೆಸರು ಬಂದದ್ದು ಇವನಿಗೆ. ನವಿ ಪೇಠೆಯ ಒಬ್ಬ ಬಟ್ಟೆ ವ್ಯಾಪಾರಿ ಎರಡು ಥಾನು ಬಟ್ಟೆ ವಾಪಸು ಕಳಿಸಿದ. ಮಾಸ್ತರರು ಆ ಥಾನನ್ನು ನನ್ನ ಮುಂದೆ ಬಿಡಿಸಿ, "ಹೇ ಕಾಯ್?" ಇದೇನು ಅಂತ ಇಷ್ಟೇ ಕೇಳಿದರು. ಸಾಲಿನ ನೇಕಾರರು ಮಾತ್ರ ನನಗೆ ಕೇಳುವ ಹಾಗೆ, "ಯಾರ ಕೆಲಸ ಯಾರು ಮಾಡಬೇಕೋ," ಅನ್ನತೊಡಗಿದರು.

ನನ್ನ ತಲೆ ಕೆಟ್ಟುಹೋಯಿತು. ಲಾಳಿ ಹೊಡೆಯುವ ಕೋಲು ಬದಲಿಸಿದೆ. ಚರ್ಮದ ಪಟ್ಟಾ ಹೊಸದು ಹಾಕಿದೆ. ಹೊಡೆತದ ವೇಳೆ ಹಿಂದೆ ಮುಂದೆ ಮಾಡಿದೆ. ಮಗ್ಗದ ಕೆಳಗೆ ಮಲಗಿ ಪ್ರತಿ ಬೋಲ್ಟು ತಿರುಗಿಸಿ ನೋಡಿದೆ. ಒಂದು ದಿನ ಸರಿ ಹೋಗುತ್ತಿತ್ತು, ಮರುದಿನ ಮತ್ತೆ ಅದೇ ಕಥೆ. ಅವನ ಮೇಲೂ ರೇಗಿದೆ. ಗಮನ ಎಲ್ಲಿಟ್ಟಿದ್ದೀ, ಕಣ್ಣು ಮುಚ್ಚಿ ನೇಯುತ್ತೀಯೇನು ಅಂತ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ಮೂರು ತಿಂಗಳಲ್ಲಿ ಒಂದೂವರೆ ಹೀಗೇ ಹೋಯಿತು.

ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ನಾನು ಅವನ ಮಗ್ಗದ ಪೆಟ್ಟಿಗೆಯೊಳಗೆ ಬೆರಳಿಟ್ಟು ನೋಡುತ್ತಿದ್ದೆ. ಒಳಗಿನ ಮರ ವರ್ಷಗಟ್ಟಲೆ ಒಂದೇ ಲಾಳಿ ಓಡಾಡಿ ಅದರ ಆಕಾರಕ್ಕೇ ಸವೆದಿತ್ತು. ಕೆಂಪು ಪಟ್ಟಿಯದನ್ನು ಎತ್ತಿಕೊಂಡೆ, ಕಾಕಾನದನ್ನೂ ಎತ್ತಿಕೊಂಡೆ. ಎರಡನ್ನೂ ಗೋದಾಮಿಗೆ ಒಯ್ದು ತಕ್ಕಡಿಯ ಎರಡು ಕಡೆ ಇಟ್ಟೆ. ಕೆಂಪು ಪಟ್ಟಿಯದು ಧಡಕ್ಕನೆ ಕೆಳಗೆ ಹೋಯಿತು. ಹೊಸ ಮರ, ಭಾರ ಹೆಚ್ಚು, ಅಗಲವೂ ಒಂದು ನೂಲಿನಷ್ಟು ಹೆಚ್ಚು. ಮಗ್ಗ ಬೆಳಿಗ್ಗೆ ಒಂದು ಲಾಳಿಗೆ ಹೊಂದಿಕೊಳ್ಳುವುದರೊಳಗೆ ಮಧ್ಯಾಹ್ನ ಇನ್ನೊಂದು ಬರುತ್ತಿತ್ತು. ಪೆಟ್ಟಿಗೆಯ ಬಿಗಿ ಎರಡಕ್ಕೂ ಸರಿ ಕೂರಲು ಸಾಧ್ಯವೇ ಇರಲಿಲ್ಲ. ಜಾಬರಿಕೆ ಕಲಿಯುವವನಿಗೆ ಮೊದಲ ತಿಂಗಳು ಹೇಳಿಕೊಡುವ ಪಾಠ ಅದು. ನಾನು ಕಲಿತದ್ದು, ಇತರರಿಗೆ ಕಲಿಸಿದ್ದು. ಕೆಂಪು ಬಣ್ಣ ಬಳಿಯುವಾಗ ಒಮ್ಮೆಯೂ ನೆನಪಾಗಿರಲಿಲ್ಲ.

ಅವನು ಗೇಟಿನ ಹತ್ತಿರ ಸೈಕಲ್ ಹತ್ತುತ್ತಿದ್ದ. ಓಡಿಹೋಗಿ ಹಿಡಿದೆ.

"ಲಾಳಿದು ದೋಷ ಅಂತ ನಿನಗ ಗೊತ್ತಿತ್ತೇನು?"

"ಮೊದಲನೇ ವಾರದಾಗ ಗೊತ್ತಾತ್ರಿ."

"ಮತ್ತ ಹೇಳಾಕ ಏನಾಗಿತ್ತು ನಿನಗ? ಒಂದೂವರಿ ತಿಂಗಳಾತು, ದಿನಾ ಬೈಸಿಕೋತೀ."

ಅವನು ಸೈಕಲ್ಲಿನ ಹಿಡಿಕೆ ನೋಡುತ್ತಾ ಹೇಳಿದ. "ಹೇಳಿದ್ರ ಏನಂತಿದ್ರಿ? ಕಾಕಾನ ಲಾಳಿ ಬೇಕಂತ ನೆಪ ತಗದಾನ ಅಂತಿದ್ರಿ. ನೀವ ಹುಡುಕಿದ್ರ ಅದು ಮಗ್ಗದ ಮಾತು ಆಗ್ತದ. ನಾ ಹೇಳಿದ್ರ ಜಾತಿ ಮಾತು ಆಗ್ತದ್ರಿ."

ಕೆಲಸ ಹೋಗುವ ಅಂಚಿನಲ್ಲಿ ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡು ಆ ಕೆಟ್ಟ ಲಾಳಿಯಲ್ಲೇ ಅಷ್ಟಾದರೂ ಬಟ್ಟೆ ನೇಯ್ದಿದ್ದನಲ್ಲ ಈ ಮನುಷ್ಯ, ಇವನ ಎದೆ ಎಂಥದು ಅನ್ನಿಸಿತು. ನಾಚಿಕೆಯೂ ಆಯಿತು. ಬೇರೆ ಲೋಟ ಇಟ್ಟು, ಚಹಾ ಕೊಟ್ಟೆ ಅಂತ ಬೀಗುವವರ ಹಾಗೆಯೇ ನಾನು ಕೆಂಪು ಪಟ್ಟಿ ಬಳಿದು ಬೀಗಿದ್ದೆ.

ಮರುದಿನ ಬೆಳಿಗ್ಗೆ ಕೆಂಪು ಪಟ್ಟಿಯ ಲಾಳಿಗಳನ್ನು ಗೋದಾಮಿಗೆ ಮರಳಿಸಿದೆ. ಒಂದು ಮಗ್ಗಕ್ಕೆ ಒಂದೇ ಲಾಳಿ, ಎರಡೂ ಪಾಳಿಗೆ, ಅಂತ ಸಾಲಿನಲ್ಲಿ ಎಲ್ಲರಿಗೂ ಹೇಳಿದೆ. ನೂಲೆಳೆಯಲು ಸಣ್ಣ ತಂತಿಯ ಕೊಕ್ಕೆ ಕೊಡುತ್ತೇನೆ, ಬಾಯಿ ಬೇಡ ಅಂತಲೂ ಅವನಿಗೆ ಹೇಳಿ ನೋಡಿದೆ. "ಎಲ್ಲಾರಿಗೂ ಕೊಡ್ರಿ, ಹಿಡೀತೀನಿ. ನನಗೊಬ್ಬಗ ಬ್ಯಾಡ್ರಿ," ಅಂದ. ಕೊಕ್ಕೆಯಲ್ಲಿ ಹೊತ್ತು ಹೋಗುತ್ತದೆ ಅಂತ ಉಳಿದವರು ಯಾರೂ ಒಪ್ಪಲಿಲ್ಲ. ಮಧ್ಯಾಹ್ನ ಭೋಂಗಾ ಊದಿದಾಗ ಅವನ ಮಗ್ಗದ ಹತ್ತಿರ ಹೋದೆ. ಅವನು ಆಗಷ್ಟೇ ಬಾಯಿ ಹಚ್ಚಿದ್ದ ಲಾಳಿಯನ್ನು ತೆಗೆದುಕೊಂಡು, ಕಂಡಿಕೆ ಬದಲಿಸಿ, ಎಲ್ಲರೂ ನೋಡುತ್ತಿರುವಾಗ ತುಟಿ ಹಚ್ಚಿ ನೂಲು ಎಳೆದೆ. ನನ್ನದು ಎಂಥ ಮಡಿವಂತ ಮನೆತನ ಅಂತ ಸಾಲಿನವರಿಗೆಲ್ಲ ಗೊತ್ತಿತ್ತು. ಲಾಳಿಯನ್ನು ಕಾಕಾನ ಕೈಗೆ ಕೊಟ್ಟೆ.

ಅವರು ಬಹಳ ಹೊತ್ತು ಅದನ್ನೇ ನೋಡಿದರು. "ನೀ ತುಂಬಿ ಕೊಟ್ರ ಹಿಡೀತೀನಿ," ಅಂದರು ಕೊನೆಗೆ.

ಗೆದ್ದೆ ಅಂದುಕೊಂಡೆ. ಆದರೆ ಅದು ಒಂದು ದಿನದ ಕೆಲಸ ಆಗಿರಲಿಲ್ಲ. ಮರುದಿನವೂ ಕಾಕಾ ಕೈಕಟ್ಟಿ ನಿಂತಿದ್ದರು, ನಾನು ಬಂದು ತುಂಬಿಕೊಡುವವರೆಗೆ ಮಗ್ಗ ಮುಟ್ಟಲಿಲ್ಲ. ಅದರ ಮರುದಿನವೂ ಹಾಗೇ. ದಿನಾ ಮೂರೂವರೆಗೆ ನಾನು ಎಲ್ಲಿದ್ದರೂ ಓಡಿ ಬರಬೇಕು. ಸಾಲಿನಲ್ಲಿ ನನ್ನ ನೀರಿನ ಲೋಟ ಬೇರೆಯಾಯಿತು. ವಾಗದರಿಗೆ ಒಂದು ಕಾರ್ಯಕ್ಕೆ ಹೋದಾಗ ಸೋದರತ್ತೆ ನನಗೆ ಪಂಕ್ತಿಯ ಕೊನೆಯಲ್ಲಿ ಎಲೆ ಹಾಕಿಸಿದಳು. ಬಟ್ಟೆ ಮಾತ್ರ ಸುಧಾರಿಸಿತ್ತು. ಲಾಳಿ ಸರಿಯಾದ ದಿನದಿಂದ ಅವನ ಮಗ್ಗ ಓಡುವ ಸದ್ದೇ ಬೇರೆಯಾಗಿತ್ತು. ನಾನು ಸಾಲಿನ ಆ ತುದಿಯಿಂದ ಕಣ್ಣುಮುಚ್ಚಿಯೂ ಅದನ್ನು ಗುರುತಿಸುತ್ತಿದ್ದೆ.

ಒಂದು ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಕೂತವನಿಗೆ ಭೋಂಗಾ ಕೇಳಿಸಿತು. ಇವತ್ತೊಂದು ದಿನ ಬಿಡೋಣ, ಏನಾಗುತ್ತದೆ ಅನ್ನಿಸಿ ಕೂತೇ ಇದ್ದೆ. ಅರ್ಧ ತಾಸಿನ ಮೇಲೆ ಹೋದರೆ ಜೋಡಿ ಮಗ್ಗ ಸುಮ್ಮನೆ ನಿಂತಿದ್ದವು. ಕಾಕಾ ಕೈಕಟ್ಟಿದ್ದರು. ಪಾಳಿ ಮುಗಿದರೂ ಮನೆಗೆ ಹೋಗದೆ ಅವನು ಎದುರಿಗೆ ನಿಂತಿದ್ದ, ಕೈಯಲ್ಲಿ ಲಾಳಿ ಹಿಡಿದು.

"ಅಣ್ಣಾರ," ಅಂದ, ಮೊದಲ ಸಲ ಹಾಗೆ ಕರೆದ. "ಒಂದ ದಿನ ತಪ್ಪಿದ್ರ ನಿಮಗ ಒಂದ ದಿನ ತಪ್ಪಿದಂಗ. ನನಗ ಮೊದಲಿಂದ ಚಾಲೂ ಮಾಡಿದಂಗ."

ಸಿಟ್ಟಿನಿಂದ ಹೇಳಿರಲಿಲ್ಲ, ಲೆಕ್ಕ ಹೇಳುವವರ ಹಾಗೆ ಹೇಳಿದ್ದ. ಆಮೇಲೆ ನಾನು ಜ್ವರ ಬಂದ ದಿನವೂ ಕೆಲಸ ತಪ್ಪಿಸಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ದೊಡ್ಡದಾಗಿ ಹೇಳುತ್ತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. "ಗಿರಣ್ಯಾಗ ಆಂವನ ಲಾಳಿಗೆ ಬಾಯಿ ಹಚ್ಚತೀರಿ, ಖರೆ," ಅಂದಳು ಒಂದು ಸಂಜೆ. "ಇಷ್ಟ ದಿನ ಆತು, ಮನಿಗೆ ಒಮ್ಮೆರ ಕರದೀರೇನು?"

ಕರೆದಿರಲಿಲ್ಲ, ಹೊಳೆದೇ ಇರಲಿಲ್ಲ. ಮುಂದಿನ ರಜೆಯ ದಿನ ಅವನು ಹೆಂಡತಿ ಮಕ್ಕಳ ಜೊತೆ ಬಂದ. ನಾವೆಲ್ಲ ಒಟ್ಟಿಗೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಕೈ ತೊಳೆಯಲು ಹೊರಗೆ ಬಂದಾಗ ಅವನು ಮೆಲ್ಲಗೆ ನಕ್ಕು ಒಂದು ಮಾತು ಅಂದ.

"ಅಣ್ಣಾರ, ಸಿಟ್ಟ ಮಾಡಬ್ಯಾಡ್ರಿ. ನಿಮ್ಮ ಬಾಯಿ ಗಂಗಾನೀರ ಆಗ್ಯಾದ್ರಿ."

"ಹಂಗಂದ್ರ?"

"ನಾ ಹಚ್ಚಿದ ಮ್ಯಾಲ ನೀವು ಹಚ್ಚತೀರಿ. ನಿಮ್ಮ ಬಾಯಿಲೆ ಅದು ಶುದ್ಧ ಆಗ್ತದ, ಕಾಕಾ ಹಿಡೀತಾರ. ನನ್ನ ಎಂಜಲ ತೊಳಿಯೂದು ನಿಮ್ಮ ಕೆಲಸ ಆಗ್ಯಾದ."

ಅದು ನಿಜವಾಗಿತ್ತು. ದಿನಾ ಎಲ್ಲರೆದುರು ಎದೆಯುಬ್ಬಿಸಿ ಮಾಡುತ್ತಿದ್ದ ಕೆಲಸದೊಳಗೆ ಕೆಂಪು ಪಟ್ಟಿ ಇನ್ನೂ ಇತ್ತು, ಅದಕ್ಕೆ ಬಣ್ಣ ಇರಲಿಲ್ಲ ಅಷ್ಟೇ.

"ಏನ ಮಾಡೂಣು?" ಅಂತ ಕೇಳಿದೆ. ಅವನ ಹತ್ತಿರ ನಾನು ಈ ಮಾತು ಕೇಳಿದ್ದು ಅದೇ ಮೊದಲು. ಎರಡೂವರೆ ತಿಂಗಳಾಗಿತ್ತು.

"ನೀವು ಮೊದಲ ತುಂಬ್ರಿ. ಕಡೀಕ ನಾ ತುಂಬಿ ಕಾಕಾಗ ಕೊಡ್ತೀನಿ."

ಮರುದಿನ ಹಾಗೇ ಮಾಡಿದೆವು. ನಾನು ತುಂಬಿದೆ, ಒಂದು ಕಂಡಿಕೆ ಓಡಿಸಿದ ಮೇಲೆ ಅವನು ತುಂಬಿದ. ಲಾಳಿಯನ್ನು ಕಾಕಾನ ಮುಂದೆ ಹಿಡಿದ. ಕಾಕಾ ತೆಗೆದುಕೊಳ್ಳಲಿಲ್ಲ. ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಅವರನ್ನು ನೋಡಿ ಸಾಲಿನ ಉಳಿದ ಮಗ್ಗಗಳೂ ಒಂದೊಂದಾಗಿ ನಿಂತವು. ಆ ಖಾತೆಯಲ್ಲಿ ಮಗ್ಗಗಳ ಗದ್ದಲ ನಿಂತಾಗ ಕಿವಿಯೊಳಗೆ ನೋವಾಗುತ್ತದೆ. ನಾನು ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಮಾಸ್ತರರು ಬಂದರು. ಇವನನ್ನು ತೆಗೆದುಹಾಕು, ವಿಷಯ ಮುಗಿಯುತ್ತದೆ ಅಂದರು.

"ತಗೀತೀನಿ," ಅಂದೆ. "ಯಾಕ ತಗೀಬೇಕಂತ ಒಂದು ಚೀಟಿ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ."

ಅವರು ಜೇಬಿನಿಂದ ಪೆನ್ನು ತೆಗೆದರು. ಮುಚ್ಚಳವನ್ನೂ ತೆಗೆದರು. ಬಟ್ಟೆ ಕೆಟ್ಟಿದೆ ಅಂತ ಬರೆಯುವಂತಿರಲಿಲ್ಲ, ಈ ತಿಂಗಳ ಬಟ್ಟೆ ಸಾಲಿನಲ್ಲೇ ಚೆನ್ನಾಗಿತ್ತು. ಇನ್ನೊಂದು ಕಾರಣ ಅವರಿಗೂ ಗೊತ್ತಿತ್ತು, ಅದನ್ನು ಕಾಗದದ ಮೇಲೆ ಬರೆಯಲು ಕೈ ಬರಲಿಲ್ಲ. ಪೆನ್ನು ಮುಚ್ಚಿ, ಕೊನೆಯ ಥಾನು ತಪಾಸಣೆಯ ಮೇಜಿಗೆ ತನ್ನಿ ಅಂದರು. ಒಂದು ದೋಷ ಸಿಕ್ಕರೂ ಅದನ್ನೇ ಬರೆಯುತ್ತೇನೆ ಅನ್ನುವುದು ಅವರ ದನಿಯಲ್ಲೇ ಇತ್ತು. ನೋಡುವುದಕ್ಕೆ ಯಾರು? ಖಾತೆಯಲ್ಲಿ ಎಲ್ಲರಿಗಿಂತ ಚೊಕ್ಕ ಕೈ ಕಾಕಾನದು. ಅವರನ್ನೇ ಕರೆಸಿದರು.

ಆ ಥಾನನ್ನು ಬೆಳಿಗ್ಗೆ ಅವನು, ಮಧ್ಯಾಹ್ನದ ಮೇಲೆ ಕಾಕಾ, ಹೀಗೆ ಇಬ್ಬರೂ ಸರದಿಯಲ್ಲಿ ನೇಯ್ದಿದ್ದರು. ಮಗ್ಗ ನಿಲ್ಲಿಸಿ ಮತ್ತೆ ಓಡಿಸಿದಲ್ಲಿ ಬಟ್ಟೆಗೆ ಅಡ್ಡವಾಗಿ ಒಂದು ಮಸುಕು ಗೆರೆ ಬೀಳುತ್ತದೆ. ನಿಂತ ಹೊತ್ತಿನಲ್ಲಿ ಹಾಸು ಹಿಗ್ಗುವುದರಿಂದ ಹಾಗಾಗುತ್ತದೆ. ಬಲ್ಲವರ ಬೆರಳಿಗೆ ಅದು ತಾಗದೆ ಇರುವುದಿಲ್ಲ. ಪ್ರತಿ ಪಾಳಿ ಬದಲಾದ ಜಾಗವನ್ನೂ ಹೀಗೆ ಎಣಿಸಿಬಿಡಬಹುದು. ಕಾಕಾ ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಅಂಗೈ ಆಡಿಸುತ್ತಾ ಹೋದರು. ಅರ್ಧ ಥಾನು ಮುಗಿಯಿತು. ಕಣ್ಣು ತೆರೆದು ಹಿಂದಕ್ಕೆ ಬಂದು ಮತ್ತೆ ಸವರಿದರು. ಎಲ್ಲೋ ಒಂದು ಕಡೆ ಬೆರಳು ನಿಂತಿತು. ಮಾಸ್ತರರು ಬಾಗಿ ನೋಡಿದರು. ಗೆರೆ ಇತ್ತು, ಬೆಳಕಿಗೆ ಹಿಡಿದಾಗ ನನಗೂ ಕಂಡಿತು. ಅವನು ಗೋಡೆಗೆ ಒರಗಿ ನಿಂತಿದ್ದ.

"ಇದು ಆಂವಂದಲ್ಲ," ಅಂದರು ಕಾಕಾ. "ಇದು ನನ್ನ ಪಾಳಿದು. ನಾ ಚಹಾಕ್ಕ ಹೋಗಿ ಬಂದು ಮಗ್ಗ ಚಾಲೂ ಮಾಡಿದ್ದು."

ಅವರು ಸುಮ್ಮನಿದ್ದಿದ್ದರೆ ಸಾಕಿತ್ತು, ಅವನ ಕೆಲಸ ಅಲ್ಲಿಗೆ ಮುಗಿದುಹೋಗುತ್ತಿತ್ತು. ಬಟ್ಟೆಯ ಮೇಲೆ ಕೈಯಿಟ್ಟು ಸುಳ್ಳು ಹೇಳುವುದು ಆ ಮುದುಕನಿಂದ ಆಗಲಿಲ್ಲ. ಅಷ್ಟು ದಿನ ಅವರ ಮೇಲೆ ಇಟ್ಟುಕೊಂಡಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಾಕಾ ಇನ್ನೂ ಬಟ್ಟೆಯನ್ನೇ ಸವರುತ್ತಿದ್ದರು, ಹುಡುಕಿ ಸೋತವರ ಹಾಗೆ.

"ಆಂವನ ಪಾಳಿ ಎಲ್ಲಿ ಮುಗದದ ಅನ್ನೂದ ತಿಳೀವಲ್ದು," ಅಂದರು. ಆಮೇಲೆ ತಿರುಗಿ, ಎರಡೂವರೆ ತಿಂಗಳಲ್ಲಿ ಮೊದಲ ಸಲ ನೇರವಾಗಿ ಅವನಿಗೇ ಕೇಳಿದರು. "ಏನ ಮಾಡ್ತೀ ನೀ? ಮಗ್ಗ ಹ್ಯಾಂಗ ನಿಲ್ಲಸ್ತೀ? ನನಗ ತೋರ್ಸು."

ಅವನು ಮಗ್ಗದ ಕಡೆ ನಡೆದ. ಕಾಕಾ ಹಿಂದೆ ಹೋದರು, ಅವರ ಹಿಂದೆ ನಾವೆಲ್ಲ. ಅವನು ಲಾಳಿ ಎತ್ತಿದ, ಕಂಡಿಕೆ ಮುಗಿದಿತ್ತು. ಹೊಸ ಕಂಡಿಕೆ ಹಾಕಿ, ನೂಲಿನ ತುದಿಯನ್ನು ಕಣ್ಣಿಗೆ ಹಿಡಿದು, ತಾನು ತುಂಬದೆ ಹಾಗೇ ಕಾಕಾನ ಮುಂದೆ ಹಿಡಿದ.

"ತುಂಬ್ರಿ ಕಾಕಾ. ಆಮ್ಯಾಲ ತೋರಸ್ತೀನಿ."

ಎಂಥ ಧೈರ್ಯ ಅದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಾಸ್ತರರ ಪೆನ್ನು ಇನ್ನೂ ಜೇಬಿನಲ್ಲಿತ್ತು. ಸುಮ್ಮನೆ ತೋರಿಸಿಕೊಟ್ಟು ಒಳ್ಳೆಯವನು ಅನ್ನಿಸಿಕೊಳ್ಳಬಹುದಿತ್ತು. ಅವನು ಕಸಬನ್ನು ಕೊಡಲು ಒಪ್ಪಿದ್ದ, ಆದರೆ ಬಾಗಿಲ ಹೊರಗೆ ನಿಂತು ಕೊಡಲು ಒಪ್ಪಲಿಲ್ಲ. ಕಾಕಾ ಲಾಳಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಮುಂದೆ ಬಂದು ತುಂಬಿಕೊಡುತ್ತೇನೋ ಅಂತ ಕಾದಿರಬೇಕು. ನಾನು ಕೈ ಹಿಂದೆ ಕಟ್ಟಿಕೊಂಡೆ. ಕಾಕಾ ಬಗ್ಗಿ ತುಟಿ ಹಚ್ಚಿ ಉಸಿರೆಳೆದರು.

ನೂಲು ಬಂದ ಮೇಲೆ ಅವನು ತೋರಿಸಿದ. ಮಗ್ಗ ನಿಲ್ಲಿಸುವ ಮುಂಚೆ ಹಾಸಿನ ಬಿಗಿಯನ್ನು ಒಂದು ಹಲ್ಲಿನಷ್ಟು ಸಡಿಲಿಸುತ್ತಿದ್ದ, ಓಡಿಸುವಾಗ ಕೈಯಿಂದ ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಆ ಹಲ್ಲನ್ನು ಮತ್ತೆ ಕೂರಿಸುತ್ತಿದ್ದ. ಅಷ್ಟೇ. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಕಾಕಾ ಮೂರು ಸಲ ಮಾಡಿಸಿ ನೋಡಿದರು.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಅಂತ ಹೇಳಿದರೆ ಅದು ಸುಳ್ಳು. ಅಂದು ಅವನು ಹೋದ ಮೇಲೆ ಕಾಕಾ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು. ಮರುದಿನ ಅವನು ಇರುವಾಗಲೇ ಹೋಗಿ ಮುಕ್ಕಳಿಸಿದರು. ಅವನೂ ನೋಡಿದ, ನಾನೂ ನೋಡಿದೆ. ಆದರೆ ಕಂಡಿಕೆಗಳು ಒಂದರ ಹಿಂದೆ ಒಂದು ಮುಗಿಯುತ್ತವೆ, ನಲ್ಲಿ ಖಾತೆಯ ಆ ತುದಿಯಲ್ಲಿ. ಮೂರನೇ ದಿನ ಹೊರಟವರು ನಡುದಾರಿಯಲ್ಲಿ ತಮ್ಮ ಜೋಡಿಯ ಇನ್ನೊಂದು ಮಗ್ಗ ನಿಂತದ್ದು ಕಂಡು ವಾಪಸು ಬಂದರು. ಆಮೇಲೆ ಹೋಗಲಿಲ್ಲ. ತಿಂಗಳ ಕೊನೆಗೆ ನಾನು ಸಹಿ ಮಾಡಿದೆ, ಜೋಡಿ ಮಗ್ಗ ಅವನ ಹೆಸರಿಗಾಯಿತು.

ಸಹಿಯಾದ ವಾರದಲ್ಲೇ ರಿಂಗ್ ಖಾತೆಯಿಂದ ಇನ್ನೊಬ್ಬ ಬಂದು ಮಗ್ಗ ಬೇಕು ಅಂದ. ಒಪ್ಪಿಕೊಂಡೆ, ಆದರೆ ಒಳಗೊಳಗೆ ಸುಸ್ತಾಗಿದ್ದೆ. ಮತ್ತೆ ಅದೇ ಮೂರೂವರೆ, ಅದೇ ಓಟ, ಅದೇ ಮಾತುಗಳು. ಆ ಹೊಸಬನ ಮೊದಲ ದಿನ ಭೋಂಗಾ ಊದಿದಾಗ ನಾನು ಸಾಲಿನ ಈ ತುದಿಯಲ್ಲಿ ಎಣ್ಣೆಯ ಕೈ ಒರೆಸಿಕೊಳ್ಳುತ್ತಿದ್ದೆ. ನಮ್ಮ ನೇಕಾರ ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ನಿಂತ.

"ಆಂವನ ಮಗ್ಗಕ್ಕ ಹೊಂಟೀರೇನ್ರಿ ಅಣ್ಣಾರ?"

"ಹೋಗಬೇಕಲ್ಲ," ಅಂದೆ.

"ತಡೀರಿ," ಅಂದ. "ಇವತ್ತ ಅಲ್ಲಿ ಜಾಗಾ ಇಲ್ಲ."

ನಾನು ಆ ಕಡೆ ನೋಡಿದೆ. ಹೊಸಬನ ಮಗ್ಗದ ಸುತ್ತ ಎರಡನೇ ಪಾಳಿಯವರು ಕೈಕಟ್ಟಿ ನಿಂತಿದ್ದರು, ಮುಖ ಗಂಟು ಹಾಕಿಕೊಂಡು. ಅವರ ನಡುವೆ ಕಾಕಾ ಇದ್ದರು. ಹೊಸಬನ ಕೈಯಿಂದ ಲಾಳಿ ಕಿತ್ತುಕೊಂಡು, ಕಂಡಿಕೆ ಸೊಟ್ಟ ಕೂರಿಸಿದ್ದೀ ಅಂತ ಅವನನ್ನು ಬೈಯುತ್ತಿದ್ದರು. ಅದನ್ನು ಸರಿಯಾಗಿ ಕೂರಿಸಿ, ನೂಲು ಎಳೆದು ತೋರಿಸಿ, ಲಾಳಿಯನ್ನು ಮರಳಿ ಹೊಸಬನಿಗೇ ಕೊಟ್ಟರು.

"ಈಗ ನೀ ತುಂಬು," ಅಂದದ್ದು ನನಗೆ ಕೇಳಿಸಿತು. "ತುಂಬಿ ಇವರ ಕೈಯಾಗ ಕೊಡು."